ಶಾಲೆಯಲ್ಲಿ ಹಲ್ಲು ಮತ್ತು ಆರೋಗ್ಯ ತಪಾಸಣೆ: ಸಿದ್ಧತೆಯಿಂದ ಚಿಕಿತ್ಸೆ ಮುಗಿಯುವವರೆಗೆ

ತಪಾಸಣೆ ಮುಗಿದ ಸಂಜೆ ಶಾಲೆಯ ದಾಖಲೆ ಪುಸ್ತಕ ತೆರೆದರೆ ಸಾಮಾನ್ಯವಾಗಿ ಕಾಣುವುದು ಮಗುವಿನ ಹೆಸರು, ಎತ್ತರ, ತೂಕ, ಕೊನೆಗೆ ‘ಹಲ್ಲು ಹುಳುಕು’ ಎಂಬ ಎರಡು ಪದ. ಯಾವ ಹಲ್ಲು, ನೋವಿದೆಯೇ, ಕೀವು ಕಟ್ಟಿದೆಯೇ, ಎಷ್ಟು ದಿನದೊಳಗೆ ಯಾರ ಬಳಿ ಹೋಗಬೇಕು ಎಂಬುದು ಎಲ್ಲೂ ಇರುವುದಿಲ್ಲ. ಮರುವರ್ಷ ಬರುವ ತಂಡ ಅದೇ ಮಗುವಿನ ಮುಂದೆ ಅದೇ ಎರಡು ಪದ ಬರೆಯುತ್ತದೆ. ಅಷ್ಟರಲ್ಲಿ ಹುಳುಕು ಬೇರು ಮುಟ್ಟಿರುತ್ತದೆ. ಮುಂದೆ ಓದುವವರಿಗೆ ಕೆಲಸ ಮಾಡಲು ಬರುವಂತೆ ಬರೆದಿಡುವುದು ಮತ್ತು ಬರೆದದ್ದನ್ನು ಚಿಕಿತ್ಸೆಯವರೆಗೆ ಬೆನ್ನುಹತ್ತುವುದು, ಈ ಎರಡು ಇಲ್ಲದಿದ್ದರೆ ಎಷ್ಟು ಚೆನ್ನಾಗಿ ನೋಡಿದರೂ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಕೆಳಗಿನ ವಿವರವೆಲ್ಲ ಆ ಗುರಿಗೆ ಹೊಂದಿಕೊಂಡಿದೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಸಂಚಾರಿ ತಂಡ ವರ್ಷಕ್ಕೊಮ್ಮೆ ಬರಬೇಕು. ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಗುಂಪುಗಳ ತೊಂದರೆಗಳನ್ನು ಗುರುತಿಸುವುದು ಈ ತಂಡದ ಕೆಲಸ. ಹಲ್ಲಿನ ಹುಳುಕೂ ಆ ಪಟ್ಟಿಯಲ್ಲಿದೆ. ದಂತ ಕಾಲೇಜುಗಳೂ ಸೇವಾ ಸಂಸ್ಥೆಗಳೂ ಬೇರೆ ಶಿಬಿರ ಮಾಡುವುದುಂಟು. ಯಾರೇ ಬರಲಿ, ಶಾಲೆಯ ಕಡೆಯ ತಯಾರಿ ಒಂದೇ.

ಒಂದು ವಾರ ಮೊದಲು

ಪೋಷಕರಿಗೆ ಒಪ್ಪಿಗೆ ಚೀಟಿ ಕಳಿಸಿ. ಅದರಲ್ಲಿ ಸಹಿಯ ಜಾಗದ ಜೊತೆ ಐದು ಪ್ರಶ್ನೆಗಳಿರಲಿ: ಮಗುವಿಗೆ ಹೃದಯದ ತೊಂದರೆ ಇದೆಯೇ? ಫಿಟ್ಸ್ ಬರುತ್ತದೆಯೇ? ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲವೇ? ಉಬ್ಬಸವಿದೆಯೇ? ದಿನಾ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದೆಯೇ? ಇದರಲ್ಲಿ ಮೊದಲ ಮತ್ತು ಮೂರನೆಯ ಪ್ರಶ್ನೆ ಹಲ್ಲಿನ ವೈದ್ಯರಿಗೆ ತೀರಾ ಮುಖ್ಯ. ಹಲ್ಲು ಕೀಳುವಾಗ ಬಾಯಿಯ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರುತ್ತವೆ. ಕೆಲವು ಹೃದಯ ದೋಷಗಳಿರುವ ಮಕ್ಕಳಲ್ಲಿ ಅವು ಹೃದಯದ ಒಳಪದರದಲ್ಲಿ ಸೋಂಕು ಮಾಡಬಲ್ಲವು, ಹಾಗಾಗಿ ಕೀಳುವ ಮೊದಲೇ ಆ್ಯಂಟಿಬಯಾಟಿಕ್ ಬೇಕೇ ಎಂದು ವೈದ್ಯರು ತೀರ್ಮಾನಿಸಬೇಕಾಗುತ್ತದೆ.

ಹುಟ್ಟಿದ ದಿನಾಂಕವನ್ನು ದಾಖಲಾತಿ ಪುಸ್ತಕದಿಂದ ಕಣ್ಣುಮುಚ್ಚಿ ಇಳಿಸಿಕೊಳ್ಳಬೇಡಿ. ಜೂನ್ 1ಕ್ಕೆ ಹುಟ್ಟಿದವರೆಂದು ಬರೆಸಿಕೊಂಡ ಮಕ್ಕಳು ನಮ್ಮ ಶಾಲೆಗಳಲ್ಲಿ ಬಹಳ. ತೂಕ ಸರಿಯಿದೆಯೇ ಎಂದು ನೋಡುವುದು ವಯಸ್ಸಿಗೆ ಹೋಲಿಸಿಯೇ ಆದ್ದರಿಂದ ಆರು ತಿಂಗಳ ವ್ಯತ್ಯಾಸವೂ ಫಲಿತಾಂಶವನ್ನು ತಿರುಗಿಸಿಬಿಡಬಹುದು. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ತರಿಸಿ ನೋಡಿ.

100 ಮಕ್ಕಳಿಗೆ ಬೇಕಾಗುವ ಸಾಮಾನು: ಬಿಸಾಡುವಂಥ ಮರದ ನಾಲಿಗೆ ಪಟ್ಟಿ 110, ಕೈಗವಸು 110 ಜೊತೆ, ಹತ್ತಿ ಅರ್ಧ ಕಿಲೋ, ತಲೆಗೆ ಕಟ್ಟುವ ಟಾರ್ಚ್ ಎರಡು ಮತ್ತು ಹೆಚ್ಚುವರಿ ಸೆಲ್, ಕೈ ತೊಳೆಯಲು ಸೋಪು, ಸ್ಯಾನಿಟೈಸರ್, ಹಳದಿ ಮತ್ತು ಕೆಂಪು ಕಸದ ಚೀಲ. ಬಾಯಿ ನೋಡುವ ಕನ್ನಡಿ ಬಳಸುವುದಾದರೆ ಮಗುವಿಗೊಂದು ಬೇಕು, ಅವೆಲ್ಲ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಶುದ್ಧಗೊಳಿಸುವ ಯಂತ್ರ) 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡದಲ್ಲಿ ಕನಿಷ್ಠ 15 ನಿಮಿಷ ಶುದ್ಧಗೊಂಡಿರಬೇಕು. ಹತ್ತು ಕನ್ನಡಿ ತಂದು ಡೆಟಾಲ್ ನೀರಲ್ಲಿ ಅದ್ದಿ ಅದ್ದಿ ನೂರು ಬಾಯಿಗೆ ಹಾಕುವುದನ್ನು ಕಂಡರೆ ಅಲ್ಲೇ ತಡೆಯಿರಿ. ಅಷ್ಟರಿಂದ ಕಾಮಾಲೆಯ ವೈರಾಣು ಸಾಯುತ್ತದೆಂದು ನಂಬಲಾಗದು. ಕನ್ನಡಿ ಸಾಲದಿದ್ದರೆ ಮರದ ಪಟ್ಟಿ ಮತ್ತು ಒಳ್ಳೆಯ ಬೆಳಕು ಸಾಕು. ಕೊನೆಯಲ್ಲಿ ಕೈಗವಸು ಕೆಂಪು ಚೀಲಕ್ಕೆ, ಎಂಜಲು ತಾಗಿದ ಹತ್ತಿ ಮತ್ತು ಪಟ್ಟಿ ಹಳದಿ ಚೀಲಕ್ಕೆ. ಎರಡೂ ಚೀಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾಪಸ್ ಹೋಗಬೇಕು, ಶಾಲೆಯ ತಿಪ್ಪೆಗಲ್ಲ.

ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರು ಮತ್ತು ಕಣ್ಣಿನ ಪರೀಕ್ಷಕರು ಯಾವ ಯಾವ ವಾರ ಸಿಗುತ್ತಾರೆ ಎಂದು ಈಗಲೇ ಫೋನ್ ಮಾಡಿ ಬರೆದಿಟ್ಟುಕೊಳ್ಳಿ. ಇದು ಕೊನೆಯ ದಿನ ನೆನಪಾದರೆ ಚೀಟಿಯಲ್ಲಿ ಬರೆಯಲು ದಿನವೇ ಇರುವುದಿಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಎತ್ತರ ಮತ್ತು ತೂಕ, ಕಣ್ಣು, ಕಿವಿ, ಬಾಯಿ, ವೈದ್ಯರ ಪರೀಕ್ಷೆ, ಕೊನೆಗೆ ಬೆರಳು ಚುಚ್ಚುವ ರಕ್ತ ಪರೀಕ್ಷೆ. ಚುಚ್ಚುವುದನ್ನು ಮೊದಲಿಗಿಟ್ಟರೆ ಒಂದು ಮಗು ಅತ್ತದ್ದೇ ಸಾಲಿನಲ್ಲಿರುವ ಇಪ್ಪತ್ತು ಮಕ್ಕಳು ಬಾಯಿ ಬಿಗಿಯುತ್ತಾರೆ. ಬಾಯಿ ನೋಡುವುದು ಬಿಸಿಯೂಟಕ್ಕೆ ಮುಂಚೆ ಮುಗಿಯಲಿ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕುಡಿದಿದ್ದರೆ ಎರಡು ಗುಟುಕು ನೀರಿನಲ್ಲಿ ಮುಕ್ಕಳಿಸಿ ಬರಲು ಹೇಳಿ. ಹಾಲಿನ ಬಿಳಿ ಪದರ ಹಲ್ಲಿನ ಮೇಲಿದ್ದರೆ ಹುಳುಕಿನ ಮೊದಲ ಬಿಳಿ ಕಲೆ ಕಾಣುವುದೇ ಇಲ್ಲ.

ಒಬ್ಬರು ಬಾಯಿ ನೋಡಲು ಮಗುವಿಗೆ ಸುಮಾರು ಮೂರು ನಿಮಿಷ ಬೇಕು. ಅಂದರೆ ಗಂಟೆಗೆ 20, ಊಟದ ಹೊತ್ತಿನೊಳಗೆ 50ರಿಂದ 60. ಇದಕ್ಕಿಂತ ವೇಗವಾಗಿ ಸಾಗಿದರೆ ನೋಡುತ್ತಿರುವುದು ಮುಂದಿನ ಹಲ್ಲುಗಳನ್ನು ಮಾತ್ರ. ಹೆಣ್ಣುಮಕ್ಕಳ ದೈಹಿಕ ಪರೀಕ್ಷೆ ಮರೆಯಿರುವ ಕೋಣೆಯಲ್ಲಿ, ಮಹಿಳಾ ವೈದ್ಯರಿಂದ ಅಥವಾ ಶಿಕ್ಷಕಿಯ ಎದುರಲ್ಲಿ ಆಗಲಿ. ಫಲಿತಾಂಶವನ್ನು ತರಗತಿಯಲ್ಲಿ ಕೂಗಿ ಹೇಳಬಾರದು. ‘ಹುಳುಕಲ್ಲಿ’ ಎಂದು ಒಮ್ಮೆ ಹೆಸರು ಬಿದ್ದ ಹುಡುಗಿ ಆಮೇಲೆ ನಗುವಾಗಲೆಲ್ಲ ಕೈ ಅಡ್ಡ ಹಿಡಿಯುತ್ತಾಳೆ.

ಬಾಯಿ ನೋಡುವುದು

ಕಿಟಕಿಯ ಎದುರು ಕುರ್ಚಿ ಹಾಕಿ ಮಗುವನ್ನು ಬೆಳಕಿನ ಕಡೆ ಮುಖ ಮಾಡಿ ಕೂರಿಸಿ. ನೋಡುವವರು ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಲ್ಲಬೇಕು. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಬರೆಯುವವರು ಹೇಳಿದ್ದನ್ನು ಮತ್ತೆ ಉಚ್ಚರಿಸಿ ಬರೆದರೆ ಎಡಬಲ ತಪ್ಪುವುದು ಕಡಿಮೆಯಾಗುತ್ತದೆ. ಎಡಬಲ ಎಂದರೆ ಯಾವಾಗಲೂ ಮಗುವಿನ ಎಡಬಲ.

ಬಾಯಿ ತೆರೆಯುವ ಮೊದಲು ಮುಖ ನೋಡಿ. ಒಂದು ಕೆನ್ನೆ ಊದಿದೆಯೇ? ದವಡೆಯ ಕೆಳಗೆ ಗಂಟು ಸಿಗುತ್ತದೆಯೇ? ತುಟಿಯ ಅಂಚು ಸೀಳಿದೆಯೇ? ಅಂಚು ಸೀಳಿರುವುದು ಕಬ್ಬಿಣದ ಅಥವಾ ಬಿ ಜೀವಸತ್ವದ ಕೊರತೆಯ ಗುರುತಾಗಿರಬಹುದು. ಮಗು ಸದಾ ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಅದನ್ನೂ ಬರೆಯಿರಿ. ಮೂಗಿನ ಹಿಂದಿನ ಗ್ರಂಥಿ ಅಥವಾ ಟಾನ್ಸಿಲ್ ದಪ್ಪವಾದ ಮಕ್ಕಳಲ್ಲಿ ಉಬ್ಬಿದ ಮುಂದಿನ ಹಲ್ಲು, ಒಣಗಿ ಕೆಂಪಾದ ಒಸಡು, ಮಂದ ಕಿವಿ ಒಟ್ಟಿಗೇ ಬರುವುದುಂಟು. ಇಂಥ ಮಗುವಿಗೆ ಹಲ್ಲಿನ ವೈದ್ಯರಿಗಿಂತ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರು ಬೇಕು.

ಒಳಗೆ ನೋಡುವ ದಾರಿ ಒಂದೇ ಇರಲಿ: ಮೇಲಿನ ಬಲ ಮೂಲೆಯಿಂದ ಮೇಲಿನ ಎಡಕ್ಕೆ, ಅಲ್ಲಿಂದ ಕೆಳಗಿನ ಎಡಕ್ಕೆ ಇಳಿದು ಕೆಳಗಿನ ಬಲಕ್ಕೆ. ಹಿಂದಿನ ಹಲ್ಲುಗಳನ್ನು ಹತ್ತಿಯಿಂದ ಒರೆಸಿ ಒಣಗಿಸಿ ನೋಡಿ. ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಮಂಕು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ, ತೂತು ಬೀಳುವ ಮುಂಚಿನದು. ಈ ಹಂತದಲ್ಲಿ ಸರಿಯಾಗಿ ಉಜ್ಜುವುದು ಮತ್ತು ಫ್ಲೋರೈಡ್ ಲೇಪದಿಂದ ಹುಳುಕನ್ನು ನಿಲ್ಲಿಸಬಹುದು. ಒದ್ದೆ ಹಲ್ಲಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಚೂಪು ಕಡ್ಡಿಯಿಂದ ಹಲ್ಲಿನ ಗೆರೆಗಳನ್ನು ಚುಚ್ಚಿ ನೋಡುವ ಹಳೆಯ ಪದ್ಧತಿ ಬೇಡ. ಮೆತ್ತಗಾದ ಮೇಲ್ಪದರ ಚುಚ್ಚಿದಲ್ಲೇ ಮುರಿದು, ಇಲ್ಲದಿದ್ದ ತೂತು ಆಗಬಹುದು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಆರನೇ ವರ್ಷದ ಸುಮಾರಿಗೆ ಬರುವ ಮೊದಲ ಶಾಶ್ವತ ದವಡೆ ಹಲ್ಲಿಗೆ. ನಾಲ್ಕು ಮೂಲೆಗೆ ಒಂದೊಂದು. ಇದಕ್ಕಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ, ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಹಾಗಾಗಿ ಅಮ್ಮಂದಿರೂ ಮೇಷ್ಟ್ರೂ ಅದನ್ನು ಹಾಲುಹಲ್ಲೆಂದೇ ತಿಳಿದು ‘ಬಿದ್ದು ಹೊಸದು ಬರುತ್ತೆ ಬಿಡಿ’ ಎನ್ನುತ್ತಾರೆ. ಬೀಳುವುದಿಲ್ಲ, ಬಿದ್ದರೆ ಇನ್ನೊಂದು ಬರುವುದೂ ಇಲ್ಲ. ಗುರುತಿಸುವುದು ಸುಲಭ: ನಡುಗೆರೆಯಿಂದ ಎಣಿಸಿದರೆ ಎರಡು ಬಾಚಿಹಲ್ಲು, ಒಂದು ಕೋರೆ, ಎರಡು ದವಡೆ, ಆಮೇಲೆ ಆರನೆಯದು ಇದು. ಗಾತ್ರ ದೊಡ್ಡದು, ಹಾಲುಹಲ್ಲಿಗಿಂತ ತುಸು ಹಳದಿ, ಮೇಲ್ಭಾಗದಲ್ಲಿ ಆಳವಾದ ಗೆರೆಗಳು. ಪೂರ್ತಿ ಮೇಲೆ ಬರಲು ಅದಕ್ಕೆ ಬಹಳ ತಿಂಗಳು ಬೇಕು. ಅಷ್ಟು ಕಾಲ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ನೇರಕ್ಕೆ ಓಡಿಸುವ ಬ್ರಷ್ ಅದನ್ನು ಮುಟ್ಟದೆ ದಾಟಿಹೋಗುತ್ತದೆ, ಬಿಸ್ಕತ್ತಿನ ಹಿಟ್ಟು ಅಲ್ಲೇ ಕೂರುತ್ತದೆ. ಒಂದರಿಂದ ಮೂರನೇ ತರಗತಿಯ ಪ್ರತಿ ಮಗುವಿನ ಈ ನಾಲ್ಕು ಹಲ್ಲಿನ ಸ್ಥಿತಿಯನ್ನು ಬೇರೆಯಾಗಿ ಬರೆಯಿರಿ: ಬಂದಿದೆ/ಬಂದಿಲ್ಲ, ಚೆನ್ನಾಗಿದೆ, ಬಿಳಿ ಕಲೆ, ತೂತು. ಚೆನ್ನಾಗಿದ್ದು ಗೆರೆ ಆಳವಾಗಿದ್ದರೆ ಆ ಗೆರೆಗಳನ್ನು ಮುಚ್ಚುವ ಸೀಲೆಂಟ್ ಲೇಪ ಹಾಕಿಸಬಹುದು. ಇದಕ್ಕೆ ಚುಚ್ಚುಮದ್ದೂ ಬೇಡ, ಕೊರೆಯುವುದೂ ಬೇಡ.

ಹಾಲುಹಲ್ಲಿನ ಹುಳುಕನ್ನೂ ಕಡೆಗಣಿಸುವಂತಿಲ್ಲ. ಎರಡನೇ ಹಾಲು ದವಡೆಹಲ್ಲು 10-12 ವರ್ಷದವರೆಗೆ ಬಾಯಲ್ಲಿರಬೇಕು. ಆರು ವರ್ಷದ ಮಗುವಿಗೆ ಅದರಿಂದ ಇನ್ನೂ ನಾಲ್ಕೈದು ವರ್ಷ ರೊಟ್ಟಿ ಅಗಿಯುವುದಿದೆ. ಮುಂಚೆಯೇ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಕೆಳಗಿಂದ ಬರುವ ಶಾಶ್ವತ ಹಲ್ಲಿಗೆ ದಾರಿ ಇಲ್ಲದೆ ವಕ್ರವಾಗುತ್ತದೆ. ಬೇರಿನಲ್ಲಿ ಕೀವು ನಿಂತರೆ ಒಳಗಿರುವ ಶಾಶ್ವತ ಹಲ್ಲಿನ ಮೊಳಕೆಗೇ ಏಟು ಬೀಳಬಹುದು. ಒಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಇದೆಯೇ ಎಂದು ಹುಡುಕಿ. ಕೀವು ಹೊರಬರುವ ಬಾಯಿ ಅದು. ಗುಳ್ಳೆ ಇದ್ದಾಗ ನೋವು ಇರದಿರಬಹುದು, ಅದನ್ನು ನೋಡಿ ವಾಸಿಯಾಯಿತು ಎಂದುಕೊಳ್ಳಬೇಡಿ. ‘ನೋವಿದೆಯಾ’ ಎಂದು ಕೇಳಿದರೆ ಮಕ್ಕಳು ಇಲ್ಲ ಎಂದೇ ತಲೆಯಾಡಿಸುತ್ತಾರೆ. ‘ರಾತ್ರಿ ಹಲ್ಲು ನೋವಿಂದ ಎಚ್ಚರ ಆಗಿತ್ತಾ? ಊಟ ಯಾವ ಕಡೆ ಅಗೀತೀಯಾ?’ ಎಂದು ಕೇಳಿ. ತೂಕ ಕಡಿಮೆ ಇರುವ ಮಗು ಒಂದೇ ಕಡೆ ಅಗಿಯುತ್ತಿದ್ದರೆ, ಮುದ್ದೆ-ಅನ್ನ ಮಾತ್ರ ನುಂಗಿ ಕಾಳು-ತರಕಾರಿ ಬಿಡುತ್ತಿದ್ದರೆ, ಕಾರಣ ಬಾಯಲ್ಲಿರಬಹುದು.

ಹುಳುಕಲ್ಲದ್ದನ್ನು ಹುಳುಕೆಂದು ಬರೆಯುವುದೂ ನಡೆಯುತ್ತದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಅಲ್ಲಿನ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಅಡ್ಡಗೆರೆಗಳು ಕಾಣುತ್ತವೆ. ಅವು ಎಡ ಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಹರಡಿರುತ್ತವೆ. ಹುಳುಕಿನ ಕಲೆ ಹಾಗಲ್ಲ, ಕೊಳೆ ಕೂರುವ ಕಡೆ, ಒಂದೊಂದು ಹಲ್ಲಿನಲ್ಲಿ. ಒಂದೇ ಶಾಲೆಯಲ್ಲಿ ಇಂಥ ಮಕ್ಕಳು ಹಲವರು ಸಿಕ್ಕರೆ ಹಲ್ಲಿನ ಚೀಟಿಗಿಂತ ಮೊದಲು ನೀರಿನ ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಗೆ ಬರೆಯಿರಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ಮೂಲವೇ ಇಲ್ಲದಾಗ 1.5 ಗಡಿ. ಕಬ್ಬಿಣದ ಸಿರಪ್ಪಿನಿಂದಾದ ಕಪ್ಪು ಬಣ್ಣವೂ ಹುಳುಕಲ್ಲ.

ಪೋಷಕರನ್ನು ಕಾರಣವಿಲ್ಲದೆ ಹೆದರಿಸುವ ಎರಡು ವಿಷಯಗಳಿವೆ. ಆರೇಳು ವರ್ಷಕ್ಕೆ ಕೆಳಗಿನ ಹಾಲುಹಲ್ಲಿನ ಹಿಂದೆ ಶಾಶ್ವತ ಹಲ್ಲು ಹುಟ್ಟಿ ಎರಡು ಸಾಲು ಕಾಣುವುದು: ಹಾಲುಹಲ್ಲು ಅಲುಗಾಡುತ್ತಿದ್ದರೆ ಕಾಯಬಹುದು, ಗಟ್ಟಿಯಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಎಂಟೊಂಬತ್ತು ವರ್ಷಕ್ಕೆ ಮೇಲಿನ ಮುಂಹಲ್ಲುಗಳ ನಡುವೆ ಸಂದು: ಕೋರೆಹಲ್ಲು ಇಳಿಯುವ 11-12ರ ಹೊತ್ತಿಗೆ ಬಹುಪಾಲು ತಾನೇ ಕೂಡುತ್ತದೆ.

ಪ್ರೌಢಶಾಲೆಯ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಸೇರಿಸಿ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂಹಲ್ಲುಗಳ ನಡುವೆ ನೇರವಾಗಿ ಇಡಲು ಹೇಳಿ. ಇಡಲಾಗದಿದ್ದರೆ, ಕೆನ್ನೆಯ ಒಳಪದರ ಬಿಳಿಚಿ ಬಿರುಸಾಗಿದ್ದರೆ, ಖಾರ ತಡೆಯಲಾಗುತ್ತಿಲ್ಲ ಎಂದರೆ, ಅಡಿಕೆ ಅಥವಾ ಗುಟ್ಕಾ ಅಭ್ಯಾಸವನ್ನು ಒಬ್ಬರೇ ಇದ್ದಾಗ ಮೆಲ್ಲಗೆ ವಿಚಾರಿಸಿ. ಬೈದರೆ ಮುಂದಿನ ಸಲ ಆ ಹುಡುಗ ರಜೆ ಹಾಕುತ್ತಾನೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕೋಟ್ಪಾ ಕಾಯ್ದೆ ನಿಷೇಧಿಸಿದೆ. ಗೇಟಿನೆದುರು ಅಂಗಡಿಯಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ದೂರು ಕೊಡಬಹುದು.

ಒಸಡಿನಲ್ಲಿ ರಕ್ತ ಬರುವುದು ಬಹುತೇಕ ಕೊಳೆಯಿಂದ. ಆದರೆ ರಕ್ತದ ಜೊತೆ ಮುಖ ಬಿಳಿಚಿದ್ದು, ಮೈಮೇಲೆ ಏಟಿಲ್ಲದೆ ನೀಲಿ ಕಲೆಗಳಿದ್ದರೆ ಅದು ರಕ್ತದ ಕಾಯಿಲೆಯಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಕಣ್ಣು

ಕಣ್ಣಿನ ಪರೀಕ್ಷೆಯ ಅರ್ಧ ತಪ್ಪುಗಳು ಚಾರ್ಟ್ ಮತ್ತು ದೂರದಿಂದ ಬರುತ್ತವೆ. ಫೋನಿಗೆ ಬಂದ ಚಾರ್ಟನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದಾಗ ಕಾಗದದ ಅಳತೆಗೆ ಅದು ಕುಗ್ಗಿರುತ್ತದೆ. ಸ್ಕೇಲ್ ಹಿಡಿದು ಅಳೆಯಿರಿ: 6 ಮೀಟರಿಗೆ ಮಾಡಿದ ಚಾರ್ಟಿನಲ್ಲಿ 6/60ರ (ಸರಿಯಾದ ದೃಷ್ಟಿಯವರಿಗೆ 60 ಮೀಟರಿನಿಂದಲೂ ಕಾಣುವ) ಅಕ್ಷರ ಸುಮಾರು 87 ಮಿಲಿಮೀಟರ್, 6/12 ಸುಮಾರು 17.5, 6/9 ಸುಮಾರು 13 ಎತ್ತರ ಇರಬೇಕು. 6 ಮೀಟರನ್ನು ಟೇಪಿನಿಂದ ಅಳೆದು ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ, ಮಗುವಿನ ಹಿಮ್ಮಡಿ ಗೆರೆಯ ಮೇಲಿರಲಿ. ಕೋಣೆ ಚಿಕ್ಕದಾದರೆ 3 ಮೀಟರಿಗೆಂದೇ ಮಾಡಿದ ಚಾರ್ಟ್ ತನ್ನಿ ಅಥವಾ ಜಗಲಿಯಲ್ಲಿ ನೋಡಿ. 6 ಮೀಟರಿನ ಚಾರ್ಟನ್ನೇ ಹತ್ತಿರ ಹಿಡಿದರೆ ಮಂದದೃಷ್ಟಿಯ ಮಕ್ಕಳೆಲ್ಲ ಪಾಸಾಗುತ್ತಾರೆ.

ಅಕ್ಷರ ಬಾರದ ಮಕ್ಕಳಿಗೆ ‘ಇ’ ಆಕಾರದ ಚಾರ್ಟ್ ಒಳ್ಳೆಯದು. ಬಾಚಣಿಗೆಯ ಹಲ್ಲು ಯಾವ ಕಡೆ ಇದೆ ಎಂದು ಕೈಯಲ್ಲಿ ತೋರಿಸಲು ಹತ್ತಿರದಲ್ಲೇ ಒಮ್ಮೆ ಅಭ್ಯಾಸ ಮಾಡಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಬೆರಳಿಂದ ಬೇಡ: ಬೆರಳ ಸಂದಿಯಿಂದ ಇಣುಕುತ್ತಾರೆ, ಒತ್ತಿ ಹಿಡಿದರೆ ಆ ಕಣ್ಣಿನ ಸರದಿ ಬಂದಾಗ ಮಂಜಾಗಿ ಕಾಣುತ್ತದೆ. ಸಾಲಿನಲ್ಲಿ ಕಾಯುವವರಿಗೆ ಚಾರ್ಟ್ ಕಾಣಬಾರದು, ಬಾಯಿಪಾಠ ಮಾಡಿಬಿಡುತ್ತಾರೆ. 6/9 ಸಾಲಿನ ಅರ್ಧಕ್ಕಿಂತ ಹೆಚ್ಚು ಗುರುತುಗಳನ್ನು ಯಾವುದೇ ಒಂದು ಕಣ್ಣಿನಿಂದ ಹೇಳಲಾಗದ ಮಗುವನ್ನು ಕಣ್ಣಿನ ಪರೀಕ್ಷಕರಿಗೆ ಕಳಿಸಿ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದವಿರುವ ಮಗು ಎಂದೂ ದೂರುವುದಿಲ್ಲ, ಬೋರ್ಡನ್ನೂ ಓದುತ್ತದೆ. ಚಿಕ್ಕಂದಿನಲ್ಲೇ ಸರಿಪಡಿಸದಿದ್ದರೆ ಆ ಕಣ್ಣು ಸೋಮಾರಿಯಾಗಿಯೇ ಉಳಿಯಬಹುದು. ಬಿಳಿಗುಡ್ಡೆಯ ಮೇಲೆ ನೊರೆಯಂಥ ಬೂದು ಕಲೆ ಕಂಡರೆ, ಸಂಜೆ ಕಣ್ಣು ಕಾಣುವುದಿಲ್ಲ ಎಂದರೆ ಎ ಜೀವಸತ್ವದ ಕೊರತೆ ಎಂದು ಬರೆದು ವೈದ್ಯರಿಗೆ ಹೇಳಿ.

ಎತ್ತರ, ತೂಕ, ರಕ್ತ, ಉಳಿದದ್ದು

ತೂಕದ ಯಂತ್ರ ಗಟ್ಟಿ ನೆಲದ ಮೇಲಿರಲಿ, ಜಮಖಾನದ ಮೇಲಲ್ಲ. ಶುರುವಿಗೆ ತೂಕ ಗೊತ್ತಿರುವ ವಸ್ತು ಇಟ್ಟು ಪರೀಕ್ಷಿಸಿ. ಎತ್ತರಕ್ಕೆ ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ-ಪೃಷ್ಠ-ಹೆಗಲು ಗೋಡೆಗೆ ತಾಗಿ, ನೋಟ ನೇರ. ಎತ್ತಿ ಕಟ್ಟಿದ ಜಡೆ, ತುರುಬು ಬಿಚ್ಚಿಸಿ. ಬಿಎಂಐ (ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ತೋರಿಸುವ ಸಂಖ್ಯೆ) ಲೆಕ್ಕ ಹಾಕಿದ ಮೇಲೆ ದೊಡ್ಡವರ ಮಿತಿಯನ್ನು ಬಳಸಬೇಡಿ. 14 ಎಂಬ ಸಂಖ್ಯೆ 6 ವರ್ಷದ ಹುಡುಗಿಗೆ ಸಹಜ, 14 ವರ್ಷದವಳಿಗೆ ತೀರಾ ಕಡಿಮೆ. ವಯಸ್ಸು ಮತ್ತು ಲಿಂಗಕ್ಕೆ ತಕ್ಕ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೇ ನೋಡಬೇಕು.

ರಕ್ತಹೀನತೆಗೆ ಕೆಳರೆಪ್ಪೆ, ನಾಲಿಗೆ, ಅಂಗೈ ಮೂರೂ ನೋಡಿ. ಕಣ್ಣಿಗೆ ಕಾಣುವಷ್ಟು ಬಿಳಿಚಿಕೊಳ್ಳುವ ಹೊತ್ತಿಗೆ ಕೊರತೆ ಸಾಕಷ್ಟು ಆಗಿರುತ್ತದೆ, ಆದ್ದರಿಂದ ಹಿಮೋಗ್ಲೋಬಿನ್ ಯಂತ್ರವಿದ್ದರೆ ಬಳಸಿ. ಮೊದಲ ಹನಿ ಒರೆಸಿಬಿಡಿ. ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಬೆರೆತು ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ಡೆಸಿಲೀಟರಿಗೆ 5-11 ವರ್ಷದವರಲ್ಲಿ 11.5 ಗ್ರಾಂ, 12-14ರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಾದರೆ ತೀವ್ರ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, 5-9 ವರ್ಷಕ್ಕೆ ಗುಲಾಬಿ, 10-19ಕ್ಕೆ ನೀಲಿ, ಕೊರತೆ ಬಾರದಂತೆ ತಡೆಯಲು. ಈಗಾಗಲೇ ರಕ್ತಹೀನತೆ ಇರುವ ಮಗುವಿಗೆ ಅಷ್ಟೇ ಸಾಲದು, ವೈದ್ಯರು ಹೇಳಿದ ದಿನದ ಮಾತ್ರೆ ಬೇಕು. ಮಾತ್ರೆ ಊಟದ ನಂತರ, ಚಹಾ ಮತ್ತು ಹಾಲಿನಿಂದ ದೂರ.

ಕಿವಿಗೆ: ಸೋರುತ್ತಿದೆಯೇ ನೋಡಿ, ಆಮೇಲೆ ಒಂದು ಕೈಯಳತೆ ಹಿಂದೆ ನಿಂತು ಪಿಸುಮಾತಿನಲ್ಲಿ ಮೂರು ಅಂಕಿ ಹೇಳಿ ಮರಳಿ ಹೇಳಿಸಿ, ಒಂದೊಂದು ಕಿವಿಗೆ ಬೇರೆ ಬೇರೆ. ಚರ್ಮಕ್ಕೆ: ಬೆರಳ ಸಂದಿಯ ಕಜ್ಜಿ ಕಂಡರೆ ಮನೆಮಂದಿಗೆಲ್ಲ ಒಟ್ಟಿಗೇ ಚಿಕಿತ್ಸೆ, ಸ್ಪರ್ಶವಿಲ್ಲದ ಮಸುಕು ಮಚ್ಚೆ ಕಂಡರೆ ಕುಷ್ಠದ ಪರೀಕ್ಷೆ.

ಚೀಟಿ, ಮತ್ತು ಅದರ ಬೆನ್ನುಹತ್ತುವುದು

ಸಿಕ್ಕ ತೊಂದರೆಗಳನ್ನು ಮೂರು ಬಣ್ಣಕ್ಕೆ ಹಂಚಿ. ಕೆಂಪು ಚೀಟಿ ಅಂದೇ ಹೋಗಬೇಕಾದದ್ದು: ಜ್ವರದೊಂದಿಗೆ ಮುಖ ಊದಿದ್ದು, ದವಡೆಯ ಕೆಳಗೆ ಊದಿ ನುಂಗಲು ಅಥವಾ ಬಾಯಿ ತೆರೆಯಲು ಆಗದಿರುವುದು, ನಿಲ್ಲದ ರಕ್ತ, ಬಿಳಿಚಿಕೊಂಡು ಏದುಸಿರು ಬಿಡುವುದು. ದವಡೆಯ ಕೆಳಗಿನ ಊತ ಗಂಟಲಿನತ್ತ ಹರಡಿದರೆ ಉಸಿರಿನ ದಾರಿಯೇ ಮುಚ್ಚಬಹುದು, ಆದ್ದರಿಂದ ಪೋಷಕರಿಗೆ ಫೋನ್ ಮಾಡುತ್ತಲೇ ಮಗುವನ್ನು ಹೊರಡಿಸಿ. ಹಳದಿ ಚೀಟಿಗೆ ಎರಡು ವಾರ: ರಾತ್ರಿ ನೋವು, ಒಸಡಿನ ಗುಳ್ಳೆ, ಶಾಶ್ವತ ಹಲ್ಲಿನ ತೂತು, ಮಂದ ದೃಷ್ಟಿ, ಸೋರುವ ಕಿವಿ. ಹಸಿರಿಗೆ ಮೂರು ತಿಂಗಳು: ನೋವಿಲ್ಲದ ಹಾಲುಹಲ್ಲಿನ ಹುಳುಕು, ಬಿಳಿ ಕಲೆ, ವಕ್ರ ಹಲ್ಲು.

ಚೀಟಿಯ ಮಾತು ಹೀಗಿರಲಿ: ‘ನಿಮ್ಮ ಮಗಳ ಕೆಳಗಿನ ಎಡಗಡೆಯ ದವಡೆ ಹಲ್ಲಿನಲ್ಲಿ ತೂತಿದೆ. ಇದು ಶಾಶ್ವತ ಹಲ್ಲು, ಬಿದ್ದರೆ ಮತ್ತೆ ಬರುವುದಿಲ್ಲ. ಈಗ ತುಂಬಿಸಿದರೆ ಉಳಿಸಬಹುದು. ಮಂಗಳವಾರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಈ ಚೀಟಿ ಮತ್ತು ರೇಷನ್ ಕಾರ್ಡ್ ತನ್ನಿ.’ ವೈದ್ಯರ ಭಾಷೆಯ ಹೆಸರು ಚೀಟಿಯ ಹಿಂಭಾಗದಲ್ಲಿರಲಿ. ಕೂಲಿಗೆ ಹೋಗುವ ಅಪ್ಪ-ಅಮ್ಮ ಬಾರದಿರುವುದಕ್ಕೆ ಅಸಡ್ಡೆಗಿಂತ ಒಂದು ದಿನದ ಕೂಲಿ ಹೋಗುತ್ತದೆ ಎಂಬುದೇ ಕಾರಣ. ತಾಲ್ಲೂಕಿನ ಸಂತೆಯ ದಿನ ವೈದ್ಯರೂ ಸಿಗುವಂತಿದ್ದರೆ ಅದೇ ದಿನ ಗೊತ್ತುಮಾಡಿ. ಇಲ್ಲವೇ ಐದಾರು ಮಕ್ಕಳನ್ನು ಸೇರಿಸಿ, ಒಬ್ಬರು ಶಿಕ್ಷಕರು ಇಬ್ಬರು ಪೋಷಕರ ಜೊತೆ ಒಟ್ಟಿಗೆ ಕಳಿಸಿ. ಕೀಳುವುದೋ ತುಂಬುವುದೋ ಆಗಬೇಕಾದರೆ ಪೋಷಕರ ಒಪ್ಪಿಗೆ ಬೇಕು, ಸಹಿ ಮಾಡಿಸಿಕೊಂಡೇ ಹೊರಡಿ.

ಶಾಲೆಯಲ್ಲಿ ಒಂದು ಪ್ರತ್ಯೇಕ ನೋಟ್‌ಬುಕ್ ಇಡಿ. ಹೆಸರು, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ), ತೊಂದರೆ, ಚೀಟಿಯ ಬಣ್ಣ, ಕೊಟ್ಟ ದಿನ, ಆಸ್ಪತ್ರೆಗೆ ಹೋದ ದಿನ, ಆದ ಚಿಕಿತ್ಸೆ, ಮತ್ತೆ ನೋಡಬೇಕಾದ ದಿನ. 15ನೇ ದಿನ, ಒಂದು ತಿಂಗಳು, ಮೂರು ತಿಂಗಳಿಗೆ ಅದನ್ನು ತೆರೆದು ಖಾಲಿ ಜಾಗಗಳನ್ನು ಓದಿ. ‘ಆಸ್ಪತ್ರೆಗೆ ಹೋಗಿದ್ದಾರೆ’ ಎಂದರೆ ಮುಗಿದಂತಲ್ಲ. ನೋವಿನ ಮಾತ್ರೆ ತಂದು ಸುಮ್ಮನಾಗಿರುವುದೇ ಹೆಚ್ಚು. ಮಾತ್ರೆಗೆ ಊತ ಇಳಿಯುತ್ತದೆ, ತೂತು ಅಲ್ಲೇ ಇರುತ್ತದೆ, ಕೆಲವು ವಾರಕ್ಕೆ ಊತ ಮರಳುತ್ತದೆ. ಹಲ್ಲು ತುಂಬಿಸಿದ, ಕಿತ್ತ ಅಥವಾ ಕನ್ನಡಕ ಕೈಗೆ ಬಂದ ದಿನ ಮಾತ್ರ ಆ ಸಾಲನ್ನು ಮುಚ್ಚಿ. ಕನ್ನಡಕ ಬಂದ ಒಂದು ತಿಂಗಳಿಗೆ ಅದು ಮೂಗಿನ ಮೇಲಿದೆಯೋ ಚೀಲದಲ್ಲಿದೆಯೋ ನೋಡಿ, ಚೀಲದಲ್ಲಿದ್ದರೆ ಯಾಕೆಂದು ಕೇಳಿ. ಚೌಕಟ್ಟು ಬಿಗಿಯೋ, ಗೆಳೆಯರ ಗೇಲಿಯೋ, ಎರಡಕ್ಕೂ ಪರಿಹಾರ ಶಾಲೆಯಲ್ಲೇ ಇದೆ.

ಉಜ್ಜುವುದನ್ನು ಕಲಿಸುವುದಾದರೆ ಭಾಷಣ ಬೇಡ, ನಲ್ಲಿಯ ಬಳಿ ಮಾಡಿಸಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಎರಡು ನಿಮಿಷ, ನೊರೆ ಉಗುಳಬೇಕು, ನುಂಗಬಾರದು, ಉಗುಳಿದ ಮೇಲೆ ಬಾಯಿ ತುಂಬ ನೀರು ಹಾಕಿ ತೊಳೆಯುವುದು ಬೇಡ. ಆರನೇ ವರ್ಷದ ಹಲ್ಲಿಗೆ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡ ಹಾಕಬೇಕು. ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಉಜ್ಜುವುದು ಬೆಳಗಿನದಕ್ಕಿಂತ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗಿರುವ ರಕ್ಷಣೆ ತಗ್ಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಮಿಶ್ರಿ, ಕಡ್ಡಿಪುಡಿ ತಂಬಾಕು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಹಿಂದಿನ ಹಲ್ಲು ಉಜ್ಜುವ ಹಿಡಿತ ಬಂದಿರುವುದಿಲ್ಲ, ಕೊನೆಯ ಸುತ್ತು ದೊಡ್ಡವರು ಉಜ್ಜಬೇಕು ಎಂಬುದನ್ನು ಪೋಷಕರ ಸಭೆಯಲ್ಲಿ ಮಾಡಿ ತೋರಿಸಿ.